ಆನೆಮರಿಗಳ ಯಮನಿಗೆ ಮದ್ದು: ದಾರಿ ತೋರಿಸಿದ್ದು ಝೂ ಆನೆಗಳ ರಕ್ತ!

ನಿನ್ನೆ ಸಂಜೆ ಬಾಳೆಹಣ್ಣಿಗೆ ಸೊಂಡಿಲು ಚಾಚಿದ ಮರಿ. ಇವತ್ತು ಮುಖ ಊದಿದೆ, ನಾಲಿಗೆ ನೀಲಿಗಟ್ಟಿದೆ. ನಾಳೆ ಇಲ್ಲ! ಆನೆಮರಿಗಳನ್ನು ಹೀಗೆ ಹೊತ್ತೊಯ್ಯುವ ರೋಗವೊಂದಿದೆ. ಹರ್ಪಿಸ್ ಜಾತಿಯ ವೈರಸ್ಸು ಅದರ ಮೂಲ. ವೈದ್ಯರು ಕರೆಯುವುದು ‘ಇಇಎಚ್‌ವಿ’ ಎಂದು.

ದೊಡ್ಡ ಆನೆಗಳ ಮೈಯಲ್ಲಿ ಇದು ಸದ್ದಿಲ್ಲದೆ ಬಿದ್ದುಕೊಂಡಿರುತ್ತದೆ. ಅವಕ್ಕೆ ಸಾಮಾನ್ಯವಾಗಿ ಏನೂ ಆಗೋದಿಲ್ಲ. ಗಂಡಾಂತರವೆಲ್ಲ ಹೆಚ್ಚಾಗಿ ಒಂದರಿಂದ ಎಂಟು ವರ್ಷದ ಮರಿಗಳಿಗೆ. ತಾಯಿಯಿಂದ ಬಂದ ರಕ್ಷಣೆ ಕರಗಿದ ಮೇಲೆ ರೋಗ ತಗುಲಿದರೆ ರಕ್ತನಾಳ ಸೋರಿ, ಒಳಗೊಳಗೇ ರಕ್ತಸ್ರಾವ. ಲಕ್ಷಣ ಕಂಡ ಮೇಲೆ ಒಂದೆರಡು ದಿನದಲ್ಲೇ ಕಥೆ ಮುಗಿದದ್ದುಂಟು.

‘ಕುಮಾರಿ’ ಕೊಟ್ಟ ಸುಳಿವು

1995ರಲ್ಲಿ ಅಮೆರಿಕದ ವಾಷಿಂಗ್ಟನ್ ಝೂನಲ್ಲಿ ಹದಿನಾರು ತಿಂಗಳ ಮರಿ ‘ಕುಮಾರಿ’ ಹಠಾತ್ತಾಗಿ ಸತ್ತಿತು. ಹೆಸರು ನಮ್ಮ ಕಡೆಯದ್ದಲ್ವಾ ಅಂತೀರಾ? ತಾಯಿ ‘ಶಾಂತಿ’ ಶ್ರೀಲಂಕಾದಿಂದ ಹೋದವಳು. ಆ ಸಾವಿನ ಬೆನ್ನು ಹತ್ತಿದ ಲಾರಾ ರಿಚ್‌ಮನ್ ಮತ್ತು ಸಂಗಡಿಗರು ವೈರಸ್ಸನ್ನು ಪತ್ತೆ ಮಾಡಿ, 1999ರಲ್ಲಿ ಜಗತ್ತಿಗೆ ತಿಳಿಸಿದರು.

ಅಲ್ಲಿಂದ ಮುಂದೆ ಅನೇಕ ಝೂಗಳಲ್ಲಿ ಹೊಸ ಪದ್ಧತಿ. ಬಾಳೆಹಣ್ಣಿನ ಆಸೆ ತೋರಿಸಿ, ಕಿವಿಯ ಹಿಂಭಾಗದ ನರದಿಂದ ಮರಿಯ ರಕ್ತ ತೆಗೆದು ವಾರವಾರ ಪರೀಕ್ಷೆ. ಮೇಲ್ನೋಟಕ್ಕೆ ಮರಿ ಚೆನ್ನಾಗಿರುವಾಗಲೇ ರಕ್ತ ಗುಟ್ಟು ಬಿಟ್ಟುಕೊಡುತ್ತದೆ. ತಕ್ಷಣ ಔಷಧಿ, ಡ್ರಿಪ್ಪು, ದೊಡ್ಡ ಆನೆಯ ರಕ್ತದಿಂದ ತೆಗೆದ ಪ್ಲಾಸ್ಮಾ. ಹೀಗೆ ಬದುಕುಳಿದ ಮರಿಗಳಿವೆ.

ಕಾಡಾನೆಯ ಕಿವಿ ಹಿಡಿದು ವಾರವಾರ ರಕ್ತ ತೆಗೆಯೋಕಾಗುತ್ತಾ? ಝೂ ಆನೆಯ ಉಪಕಾರ ಇರುವುದೇ ಇಲ್ಲಿ.

ನಮಗೇನು ಅನ್ನಬೇಡಿ!

ಇದು ಅಮೆರಿಕದ ಕಾಯಿಲೆ ಅಂದುಕೊಂಡರೆ ತಪ್ಪು. ದಕ್ಷಿಣ ಭಾರತದ ಕಾಡಿನ ಮರಿಗಳೂ, ತಬ್ಬಲಿ ಮರಿಗಳೂ ಇದರಿಂದಲೇ ಸತ್ತದ್ದು 2013ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಖಚಿತವಾಯಿತು. 2019ರಲ್ಲಿ ಒಡಿಶಾದ ನಂದನಕಾನನ ಝೂನಲ್ಲಿ ನಾಲ್ಕು ಎಳೆಯ ಆನೆಗಳು ಒಂದರ ಹಿಂದೊಂದು ಹೋದವು. ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವ ರಾಜ್ಯ ನಮ್ಮದು, ಆರು ಸಾವಿರಕ್ಕೂ ಮೇಲೆ. ಆನೆ ಗಬ್ಬವಾದರೆ ಮರಿ ಹಾಕೋಕೆ ಸುಮಾರು ಇಪ್ಪತ್ತೆರಡು ತಿಂಗಳು ಬೇಕು. ಒಂದು ಮರಿ ಹೋದರೆ ಆ ನಷ್ಟ ತುಂಬೋದು ಯಾವಾಗ?

ಈಗ ಸಂತೋಷದ ಸುದ್ದಿ. ತನ್ನದೇ ಮರಿಗಳನ್ನು ಕಳಕೊಂಡ ಅಮೆರಿಕದ ಹ್ಯೂಸ್ಟನ್ ಝೂ 2009ರಲ್ಲಿ ಬೇಲರ್ ವೈದ್ಯಕೀಯ ಕಾಲೇಜಿನ ಜತೆ ಸೇರಿ ಸಂಶೋಧನೆಗೆ ಇಳಿಯಿತು. 2024ರ ಜೂನ್‌ನಲ್ಲಿ ನಲವತ್ತು ವರ್ಷದ ‘ಟೆಸ್’ ಎಂಬ ಏಷ್ಯಾ ಆನೆಗೆ ಮೊದಲ ಲಸಿಕೆ ಬಿತ್ತು. ಕೊರೋನಾ ಕಾಲದಲ್ಲಿ ಹಲವು ದೇಶಗಳು ಕೊಟ್ಟ ಎಂಆರ್‌ಎನ್‌ಎ ಲಸಿಕೆಯ ಜಾತಿಯದ್ದೇ ಇದು. ಮರಿಗಳನ್ನು ಪೂರ್ತಿ ಕಾಪಾಡುತ್ತೆ ಅಂತ ಈಗಲೇ ಡಂಗುರ ಸಾರುವಂತಿಲ್ಲ. ಆದರೂ ಬಾಗಿಲು ತೆರೆದಿದೆ.

ಆನೆಯನ್ನು ಕೂಡಿ ಹಾಕೋದು ಸರಿಯೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಕೂಡಿ ಹಾಕಿದ್ದಾಗಿದೆ, ಅವುಗಳಿಂದ ಕಲಿತದ್ದಾದರೂ ಕಾಡಿನ ಮರಿಗಳಿಗೆ ದಕ್ಕಲಿ. ಮೈಸೂರು ಝೂ ಇರಲಿ, ದುಬಾರೆ, ಸಕ್ರೆಬೈಲು ಶಿಬಿರಗಳಿರಲಿ, ಮರಿಯ ರಕ್ತ ಪರೀಕ್ಷೆ ತಪ್ಪಬಾರದು, ಫಲಿತಾಂಶ ಅದೇ ದಿನ ಕೈಗೆ ಸಿಗಬೇಕು. ದಸರಾ ಆನೆಗೆ ಕೈ ಮುಗಿಯುವ ಜನ ನಾವು. ಮರಿ ಆನೆಗೆ ಇಷ್ಟೂ ಮಾಡದಿದ್ದರೆ ಹೇಗೆ?