ಚೌಳು ನೆಲದ ಎಕ್ಕ

ಮಾಘ ಶುದ್ಧ ಸಪ್ತಮಿಯಂದು, ತುಂಗಭದ್ರೆಯ ದಡದ ಮೈಲಾರದಲ್ಲಿ ಮೈಲಾರಲಿಂಗನ ಜಾತ್ರೆ ಮೊದಲಾಗುವ ದಿನವೇ, ನಾಡಿನ ಅನೇಕ ಮನೆಗಳಲ್ಲಿ ಹಿರಿಯರು ಏಳು ಎಕ್ಕದೆಲೆಗಳನ್ನು ತಲೆ, ಹೆಗಲು, ಮಂಡಿ, ಪಾದಗಳ ಮೇಲಿರಿಸಿಕೊಂಡು ರಥಸಪ್ತಮಿಯ ಸ್ನಾನ ಮಾಡುತ್ತಾರೆ. ಮೈಲಾರನನ್ನು ಮಾರ್ತಾಂಡಭೈರವನೆಂದು ಭಜಿಸುವವರಿಗೆ ಸೂರ್ಯನ ಗಿಡವೆನಿಸಿದ ಎಕ್ಕವೂ ಸೂರ್ಯನಾಮದ ದೇವರೂ ಒಂದೇ ತಿಥಿಯಲ್ಲಿ ಕೂಡಿಬರುವುದು ಸಹಜವಾಗಿಯೇ ತೋರೀತು. ಆದರೆ ಆ ಎಲೆಗಳನ್ನು ಕೊಯ್ದು ತಂದ ಸ್ಥಳ ಹೊಲವೂ ಅಲ್ಲ, ತೋಟವೂ ಅಲ್ಲ. ಪಾಳುಗೋಡೆಯ ಬುಡವೋ, ಬಂಡಿದಾರಿಯ ಅಂಚೋ, ಬಿಳುಪೇರಿದ ಚೌಳು ನೆಲವೋ ಆಗಿರುತ್ತದೆ.

ಹಡಗಲಿ, ಕೊಟ್ಟೂರು, ಕೂಡ್ಲಿಗಿಗಳಂತಹ ಮಳೆ ಕಡಿಮೆಯಾದ ಸೀಮೆಯಲ್ಲಿ, ತಗ್ಗಿನಲ್ಲಿ ನಿಂತ ನೀರು ಬಿಸಿಲಿಗೆ ಆವಿಯಾಗುವಾಗ ತನ್ನೊಳಗಿನ ಲವಣವನ್ನು ಮೇಲ್ಮಣ್ಣಿನಲ್ಲಿಯೇ ಬಿಟ್ಟುಹೋಗುತ್ತದೆ. ಅಂತಹ ಮಣ್ಣಿನಲ್ಲಿ ತೇವವಿದ್ದರೂ ಬೇರು ಅದನ್ನು ಹೀರಲಾರದೆ ಪೈರು ಬಾಯಾರಿ ಬಾಡುವುದು. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗಳಿಗೆ ಹರಿದ ಅನಂತರ, ಸಿರುಗುಪ್ಪ, ಗಂಗಾವತಿಗಳ ಎರೆನೆಲದಲ್ಲಿ ಈ ಚೌಳಿನ ವ್ಯಾಧಿ ವಿಸ್ತಾರವಾಗಿ ಹಬ್ಬಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಅಧ್ಯಯನ ನಡೆದುಬಂದಿದೆ.

ಎಕ್ಕವೇನೂ ಕಡಲಂಚಿನ ಕಾಂಡ್ಲದಂತೆ ಉಪ್ಪುನೀರಿನಲ್ಲಿಯೇ ನೆಲೆಗೊಂಡ ಸಸ್ಯವಲ್ಲ. ಉಪ್ಪನ್ನು ಸೈರಿಸಬಲ್ಲದು, ಅಷ್ಟೆ. ಅದರ ತಾಯಿಬೇರು ಮೇಲ್ಮಣ್ಣನ್ನು ದಾಟಿ ಆಳಕ್ಕಿಳಿಯುತ್ತದೆ. ಮೇಣದಂತಹ ಲೇಪವುಳ್ಳ ದಪ್ಪನೆಯ ಎಲೆಗಳು ನೀರನ್ನು ಸುಲಭವಾಗಿ ಬಿಟ್ಟುಕೊಡವು. ಉಪ್ಪಿನ ಒತ್ತಡಕ್ಕೆ ಸಿಕ್ಕಾಗ ಜೀವಕೋಶಗಳು ಪ್ರೋಲೀನ್ ಎಂಬ ಅಮೈನೋ ಆಮ್ಲವನ್ನು ಶೇಖರಿಸಿಕೊಂಡು ಒಳಗಿನ ನೀರನ್ನು ಕಾಪಾಡಿಕೊಳ್ಳುತ್ತವೆ. ಇನ್ನು ದನಕರುಗಳ ಭಯವೂ ಇದಕ್ಕೆ ಹೆಚ್ಚಿಲ್ಲ. ಆಡು ಮುಟ್ಟದ ಸೊಪ್ಪೆಂಬ ಕೀರ್ತಿಯನ್ನು ಜನರ ಮಾತು ಆಡುಸೋಗೆಗೆ ಕೊಟ್ಟುಬಿಟ್ಟಿದೆಯಾದರೂ, ಹಸಿ ಎಕ್ಕವೂ ಅದರ ಪಾಲುದಾರನೇ ಸರಿ. ಎಲೆ ಮುರಿದೊಡನೆ ಸುರಿಯುವ ಹಾಲಿನಲ್ಲಿ ಹೃದಯವನ್ನು ಬಾಧಿಸುವ ವಿಷವುಂಟು. ಅಂಗಾಲಿನಲ್ಲಿ ಮುಳ್ಳು ಮುರಿದರೆ ಹಳ್ಳಿಗರು ಹಚ್ಚುವುದು ಇದೇ ಹಾಲನ್ನು. ಕಣ್ಣಿಗೆ ತಾಗಿತೋ, ದೃಷ್ಟಿಗೇ ಅಪಾಯ. ಒಂದು ಜಾತಿಯ ಕಿತ್ತಳೆ ಬಣ್ಣದ ಚಿಟ್ಟೆಯ ಹುಳು ಮಾತ್ರ ಈ ಎಲೆಯನ್ನು ನಿರ್ಭಯವಾಗಿ ಮೆದ್ದು, ವಿಷವನ್ನು ಮೈಯಲ್ಲಿಟ್ಟುಕೊಂಡು, ಹಕ್ಕಿಗಳಿಗೆ ತಾನೇ ಅಖಾದ್ಯವಾಗುತ್ತದೆ.

ಹೂವಿನ ರಚನೆಯಂತೂ ವಿಚಿತ್ರವಾದುದು. ಪರಾಗವು ಧೂಳಾಗಿ ಉದುರದೆ, ಜೋಡಿ ಉಂಡೆಗಳಾಗಿ ದುಂಬಿಯ ಕಾಲಿಗೆ ಸಿಕ್ಕಿಕೊಂಡು ಮತ್ತೊಂದು ಹೂವಿಗೆ ಸಾಗುತ್ತದೆ. ಈ ಕುಲಕ್ಕೆ ಕ್ಯಾಲೊಟ್ರೋಪಿಸ್ ಎಂದು ನಾಮಕರಣ ಮಾಡಿದ ರಾಬರ್ಟ್ ಬ್ರೌನನು, ಸೀತಾಳೆ ಗಿಡಗಳಲ್ಲಿಯೂ ಎಕ್ಕದ ಬಳಗದಲ್ಲಿಯೂ ಪರಾಗಸ್ಪರ್ಶ ನಡೆಯುವ ಬಗೆಯನ್ನು ಕುರಿತು 1831ರಲ್ಲಿ ಮಂಡಿಸಿದ ಪ್ರಬಂಧದಲ್ಲಿಯೇ ಜೀವಕೋಶದ ಕೇಂದ್ರಕ್ಕೂ ನ್ಯೂಕ್ಲಿಯಸ್ ಎಂಬ ಹೆಸರನ್ನಿತ್ತನು.

ಕಾಯಿ ಬಿರಿದಾಗ ರೇಷ್ಮೆಯಂತಹ ಕುಚ್ಚುಳ್ಳ ಬೀಜಗಳು ಗಾಳಿಯಲ್ಲಿ ತೇಲಿಹೋಗಿ, ಕಳೆ ಕೀಳುವವರಿಲ್ಲದ ಗೋಡೆಯ ಬಿರುಕಿನಲ್ಲಿ ಬೇರೂರುತ್ತವೆ. ಆದುದರಿಂದಲೇ ‘ನಿನ್ನ ಮನೆ ಎಕ್ಕ ಹುಟ್ಟಿ ಹೋಗ’ ಎಂಬುದು ನಮ್ಮಲ್ಲಿ ಘೋರವಾದ ಶಾಪವಾಯಿತು. ಆಳುವ ಕೈ ಇಲ್ಲದ ಮನೆಯ ಗುರುತು ಅದು. ಉಪ್ಪೇರಿ ಬೀಳುಬಿದ್ದ ಹೊಲವನ್ನು ಹೊಗುವ ಸಾಮರ್ಥ್ಯವೂ ಇದೇ, ಶಾಪಕ್ಕೆ ಆಸ್ಪದವಾದ ಗುಣವೂ ಇದೇ. ಹೀಗೆ ಬಯ್ಯುವ ಜನರೇ ಬಿಳಿ ಎಕ್ಕವೊಂದು ಸಿಕ್ಕಿದರೆ ಮಾತ್ರ ಅದನ್ನು ಹಿತ್ತಲಲ್ಲಿ ಜೋಪಾನವಾಗಿ ಬೆಳೆಸಿ, ಶನಿವಾರ ಆಂಜನೇಯನಿಗೆ ಅದರ ಹೂವಿನ ಹಾರ ಕಟ್ಟುತ್ತಾರೆ.