ಮುಟ್ಟದೆ ನೋಡಬೇಕಾದ ಹವಳದ ತೋಟ

ದೋಣಿ ಹತ್ತುವ ಮೊದಲೇ ಪ್ರವಾಸಿಗರ ಚೀಲಗಳ ತಪಾಸಣೆ ನಡೆಯುತ್ತದೆ. ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿಗಳು ದಡದಲ್ಲೇ ಉಳಿಯಬೇಕು. ಅಂಡಮಾನಿನ ವಂಡೂರು ಜೆಟ್ಟಿಯಲ್ಲಿ ಇದು ನಿತ್ಯದ ದೃಶ್ಯ. ಅಷ್ಟು ದೂರದಿಂದ ಬಂದ ಮಕ್ಕಳಿಗೆ ಇಷ್ಟೊಂದು ಕಟ್ಟುನಿಟ್ಟು ಏಕೆ ಎಂದು ಅನ್ನಿಸುವುದು ಸಹಜ. ಉತ್ತರ ಇರುವುದು ನೀರಿನೊಳಗೆ.

ಪೋರ್ಟ್‌ಬ್ಲೇರ್ ನಗರದಿಂದ (2024ರಿಂದ ಇದರ ಹೆಸರು ಶ್ರೀ ವಿಜಯಪುರಂ) ಸುಮಾರು 30 ಕಿ.ಮೀ. ದೂರದಲ್ಲಿದೆ ವಂಡೂರು. 1983ರಲ್ಲಿ ಇಲ್ಲಿ ಸ್ಥಾಪನೆಯಾದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 281 ಚದರ ಕಿ.ಮೀ. ಇದರಲ್ಲಿರುವ 15 ದ್ವೀಪಗಳ ಪೈಕಿ ಪ್ರವಾಸಿಗರು ಹೋಗುವುದು ಜಾಲಿಬಾಯ್ ಮತ್ತು ರೆಡ್‌ಸ್ಕಿನ್ ದ್ವೀಪಗಳಿಗೆ, ಅದೂ ಸರದಿಯ ಮೇಲೆ. ಒಂದು ತೆರೆದಿರುವಾಗ ಇನ್ನೊಂದಕ್ಕೆ ವಿಶ್ರಾಂತಿ. ಹೊಲವನ್ನು ಬೀಳು ಬಿಟ್ಟು ಮಣ್ಣಿಗೆ ಚೇತರಿಕೆ ಕೊಡುವ ರೈತನ ಜಾಣ್ಮೆಯೇ ಇಲ್ಲಿಯೂ ಇದೆ.

ಕಲ್ಲಲ್ಲ, ಗಿಡವೂ ಅಲ್ಲ

ನೋಡಲು ಬಣ್ಣದ ಕಲ್ಲಿನಂತೆ ಅಥವಾ ಪೊದೆಯಂತೆ ಕಾಣುವ ಹವಳ ನಿಜಕ್ಕೂ ಪ್ರಾಣಿಗಳ ವಸಾಹತು. ಪಾಲಿಪ್ ಎಂಬ ಮೆದು ದೇಹದ ಪುಟ್ಟ ಜೀವಿಗಳು ಸಮುದ್ರದ ನೀರಿನಲ್ಲಿರುವ ಕ್ಯಾಲ್ಸಿಯಂ ಬಳಸಿ ಸುಣ್ಣದ ಗೂಡು ಕಟ್ಟುತ್ತವೆ. ಅವುಗಳ ಜೀವಕೋಶಗಳೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಪಾಚಿ ದ್ಯುತಿಸಂಶ್ಲೇಷಣೆಯಿಂದ ಆಹಾರ ತಯಾರಿಸಿ ಪಾಲಿಪ್‌ಗೆ ಕೊಡುತ್ತದೆ. ಪಾಲಿಪ್ ಪಾಚಿಗೆ ಆಸರೆ ನೀಡುತ್ತದೆ. ಬಿಸಿಲು ಇಳಿಯುವ ತಿಳಿನೀರು ಹವಳಕ್ಕೆ ಬೇಕಾಗುವುದು ಇದರಿಂದಲೇ.

ಗುಂಡು ಬಂಡೆಯಂತೆ ಬೆಳೆಯುವ ಹವಳ ವರ್ಷಕ್ಕೆ ಏರುವುದು ಸುಮಾರು 1 ಸೆಂಟಿಮೀಟರ್ ಮಾತ್ರ. ಮೊಣಕಾಲೆತ್ತರದ ಹವಳವೊಂದು ಅದನ್ನು ನೋಡುವ ವಿದ್ಯಾರ್ಥಿಯ ತಂದೆಗಿಂತಲೂ ಹಿರಿಯದಾಗಿರಬಹುದು. ಆಯಾಸವಾಯಿತೆಂದು ಅದರ ಮೇಲೆ ಕಾಲೂರಿದರೆ ಪಾಲಿಪ್‌ಗಳು ಜಜ್ಜಿಹೋಗುತ್ತವೆ. ಕಾಲಿನಿಂದೆದ್ದ ಮರಳು ಅವುಗಳನ್ನು ಮುಚ್ಚಿ ಬೆಳಕನ್ನು ತಡೆಯುತ್ತದೆ.

ಕೊಳವೆಯ ಉಸಿರು

ಹವಳ ನೋಡಲು ಈಜು ಬರಲೇಬೇಕೆಂದಿಲ್ಲ. ಗಾಜಿನ ತಳದ ದೋಣಿಯಲ್ಲಿ ಕುಳಿತೇ ನೋಡಬಹುದು. ಸ್ನಾರ್ಕೆಲ್ ಎಂದರೆ ಬಾಯಿಗೆ ಕಚ್ಚಿಕೊಳ್ಳುವ ಉಸಿರಿನ ಕೊಳವೆ. ಕನ್ನಡಕದಂಥ ಮುಖವಾಡ ಮತ್ತು ತೇಲುವ ಜಾಕೆಟ್ ತೊಟ್ಟು ಮುಖ ಕೆಳಗೆ ಮಾಡಿ ತೇಲಬೇಕು. ಕೊಳವೆ ಒಂದು ಮೀಟರ್ ಉದ್ದವಿದ್ದರೆ ಇನ್ನಷ್ಟು ಆಳಕ್ಕೆ ಹೋಗಬಹುದಲ್ಲ ಎಂದು ಮಕ್ಕಳು ಕೇಳಬಹುದು. ಆಗದು. ಅಲ್ಲಿ ನೀರಿನ ಒತ್ತಡ ಎದೆಯನ್ನು ಅಮುಕುವುದರಿಂದ ಮೇಲಿನ ಗಾಳಿಯನ್ನು ಒಳಗೆಳೆಯುವುದು ಬಹಳ ಕಷ್ಟ.

ಇನ್ನೂ ಆಳಕ್ಕೆ ಇಳಿಯಲು ಗಾಳಿಯ ಸಿಲಿಂಡರ್ ಹೊತ್ತ ಸ್ಕೂಬಾ ಬೇಕು. ಅಂಡಮಾನಿನಲ್ಲಿ ಇದರ ತರಬೇತಿ ಕೇಂದ್ರಗಳು ಹೆಚ್ಚಾಗಿ ಸ್ವರಾಜ್ ದ್ವೀಪದಲ್ಲಿವೆ (2018ರವರೆಗೆ ಹ್ಯಾವ್‌ಲಾಕ್). 10 ಮೀಟರ್ ಆಳದಲ್ಲಿ ಒಟ್ಟು ಒತ್ತಡ ಮೇಲ್ಮೈಯಲ್ಲಿರುವುದರ ಎರಡರಷ್ಟು. ಅಲ್ಲಿ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಮೇಲೇರಿದರೆ, ಬಾಯ್ಲ್‌ನ ನಿಯಮದಂತೆ ಗಾಳಿ ಇಮ್ಮಡಿ ಹಿಗ್ಗಲು ಹೊರಟು ಶ್ವಾಸಕೋಶವನ್ನೇ ಹರಿಯಬಹುದು. ಆದ್ದರಿಂದ ಉಸಿರು ಕಟ್ಟಬಾರದೆಂಬುದು ಮೊದಲ ಪಾಠ. ಆಸ್ತಮಾ, ಕಿವಿನೋವು, ನೆಗಡಿ ಇರುವ ಮಕ್ಕಳನ್ನು ಪೋಷಕರು ವೈದ್ಯರ ಸಲಹೆಯಿಲ್ಲದೆ ಇಳಿಸಬಾರದು.

ಬಿಸಿನೀರಿನ ಪೆಟ್ಟು

ಹವಳಕ್ಕೆ ಇನ್ನೂ ದೊಡ್ಡ ಕಂಟಕವೆಂದರೆ ಕಾಯುತ್ತಿರುವ ಕಡಲು. ಬೇಸಿಗೆಯ ಗರಿಷ್ಠಕ್ಕಿಂತ ನೀರಿನ ಉಷ್ಣತೆ 1 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚಾಗಿ ಕೆಲವು ವಾರ ನಿಂತರೆ ಪಾಲಿಪ್‌ಗಳು ತಮ್ಮ ಪಾಚಿಯನ್ನು ಹೊರಹಾಕುತ್ತವೆ. ಆಗ ಹವಳ ಬೆಳ್ಳಗಾಗುತ್ತದೆ. ಉಷ್ಣತೆ ಬೇಗ ಇಳಿಯದಿದ್ದರೆ ಉಪವಾಸದಿಂದ ಸಾಯುತ್ತದೆ. 1998 ಮತ್ತು 2010ರಲ್ಲಿ ಅಂಡಮಾನಿನ ಹವಳಗಳು ಹೀಗೆ ಬಿಳಿಚಿದವು. ಕಡಲಿನ ಕಾವನ್ನು ಯಾವ ಉದ್ಯಾನದ ಕಾವಲುಗಾರನೂ ತಡೆಯಲಾರ. ಆದರೆ ಕಾಲ್ತುಳಿತ, ಕಸ, ಲಂಗರಿನ ಹೊಡೆತ ಇಲ್ಲದ ಕಡೆ ಬದುಕುಳಿದ ಹವಳ ಚೇತರಿಸಿಕೊಳ್ಳಲು ಅವಕಾಶ ಹೆಚ್ಚು. ಜೆಟ್ಟಿಯ ತಪಾಸಣೆಗೂ ದ್ವೀಪಗಳ ಸರದಿಗೂ ಅರ್ಥ ಬರುವುದು ಇಲ್ಲಿಯೇ.

ಹೊರಡುವ ಮುನ್ನ ಯಾವ ದ್ವೀಪ ತೆರೆದಿದೆ ಎಂದು ವಿಚಾರಿಸಿ, ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ದಡದಲ್ಲಿ ಬಿದ್ದಿರುವ ಸತ್ತ ಹವಳದ ಚೂರನ್ನೂ ನೆನಪಿಗೆಂದು ತರುವಂತಿಲ್ಲ. ಬಂಡೆ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಹುಲಿಗೆ ಇರುವಂಥದೇ ರಕ್ಷಣೆ ಇದೆ. ಶಾಲೆಗೆ ಮರಳಿದ ಮೇಲೆ ಗೆಳೆಯರಿಗೆ ತೋರಿಸಲು ಕೈಯಲ್ಲಿ ಏನೂ ಇರುವುದಿಲ್ಲ. ಕಂಡದ್ದನ್ನು ಬಿಡಿಸಿ ಹೇಳಬಲ್ಲ ವಿದ್ಯಾರ್ಥಿಗೆ ಅದರ ಅಗತ್ಯವೂ ಇರದು.