ಚಿಕ್ಕ ನಡುಮನೆಯ ಏರ್ಪಾಟು

20 ಅಡಿ ಅಗಲ, 30 ಅಡಿ ಉದ್ದದ ನಿವೇಶನದಲ್ಲಿ ಮನೆ ಕಟ್ಟಿದವರು ಅಡಿಗೆಮನೆ, ಬಚ್ಚಲು, ಮಲಗುವ ಕೋಣೆ, ಮಹಡಿಯ ಮೆಟ್ಟಲು ಇವುಗಳಿಗೆ ಸ್ಥಳ ಬಿಟ್ಟ ಮೇಲೆ, ಬೀದಿಬಾಗಿಲಿನ ಒಳಗಡೆ ಉಳಿಯತಕ್ಕದ್ದು ಹೆಚ್ಚೆಂದರೆ 10 ಅಡಿಗೆ 12 ಅಡಿಯ ಒಂದು ಕೋಣೆ. ಬೆಂಗಳೂರು ಮೈಸೂರುಗಳಲ್ಲಿ ಇದಕ್ಕೆ ‘ಹಾಲ್’ ಎಂದು ಹೆಸರು. ಇಂಗ್ಲಿಷಿನಲ್ಲಿ ಆ ಮಾತು ದೊಡ್ಡ ಸಭಾಮಂದಿರಕ್ಕೂ ಸಲ್ಲುತ್ತದೆ. ನಾವು ಅದನ್ನು ನಾಲ್ಕು ಹೆಜ್ಜೆಯ ಕೋಣೆಗೆ ಕೊಟ್ಟು ತೃಪ್ತರಾಗಿದ್ದೇವೆ. ಹೆಸರು ಹೇಗೇ ಇರಲಿ, ಹಿಂದಿನ ತೊಟ್ಟಿಯ ಮನೆಯಲ್ಲಿ ಜಗಲಿ, ಪಡಸಾಲೆ, ನಡುಮನೆಗಳು ಹಂಚಿಕೊಂಡು ಮಾಡುತ್ತಿದ್ದ ಕೆಲಸವೆಲ್ಲವೂ ಈಗ ಈ ಒಂದೇ ಕೋಣೆಯ ಪಾಲಿಗೆ ಬಂದಿದೆ. ಬಂದವರು ಕುಳಿತುಕೊಳ್ಳುವುದು ಇಲ್ಲಿ; ಮಕ್ಕಳು ಓದುವುದು ಇಲ್ಲಿ; ಅನೇಕ ಮನೆಗಳಲ್ಲಿ ಊಟವೂ ರಾತ್ರಿ ಒಬ್ಬಿಬ್ಬರ ನಿದ್ರೆಯೂ ಇಲ್ಲಿಯೇ.

ಹೀಗಿರುವಲ್ಲಿ ಕೋಣೆಯನ್ನು ಯಾರಿಗಾಗಿ ಅಣಿಮಾಡಬೇಕು? ನಾವು ಕಂಡಿರುವ ಮನೆಗಳಲ್ಲಿ ಬಹುಮಟ್ಟಿಗೆ ಅದು ಅತಿಥಿಗಾಗಿ ಅಣಿಯಾಗಿರುತ್ತದೆ. ತಿಂಗಳಿಗೊಮ್ಮೆ ಬರುವ ಆತನಿಗೆ ಮೆತ್ತನೆಯ ಸೋಫಾ ಕಾದಿರುತ್ತದೆ; ದಿನವೂ ಅಲ್ಲಿಯೇ ಕಾಲ ಕಳೆಯಬೇಕಾದ ಅಜ್ಜನಿಗೆ ಮಂಚದ ಅಂಚು, ಶಾಲೆಗೆ ಹೋಗುವ ಹುಡುಗಿಗೆ ಅಡಿಗೆಮನೆಯ ಹೊಸಲು. ಇದನ್ನು ಬರಿಯ ಅಲಂಕಾರದ ವಿಷಯವೆಂದು ತಳ್ಳಿಹಾಕುವಂತಿಲ್ಲ. ತನ್ನ ಮನೆಯಲ್ಲಿಯೇ ತನಗೆ ಕೂಡುವ ಎಡೆಯಿಲ್ಲದವನು ಆ ಮನೆಯಲ್ಲಿ ಪರಕೀಯನಾಗುತ್ತಾನೆ.

ಕೋಣೆಯೇ ಕಿರಿದು, ಏನು ಮಾಡುವುದು ಎನ್ನುವವರುಂಟು. ಆದರೆ ಕಿರಿದೆಂಬುದು ಪೂರ್ತಿ ನಿಜವಲ್ಲ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸಕ್ಕೆ ಒಂದೇ ಕೋಣೆಯಿದ್ದಲ್ಲಿ ಅದು 9.5 ಚದರ ಮೀಟರಿಗೆ, ಎಂದರೆ ಸುಮಾರು 102 ಚದರ ಅಡಿಗೆ, ಕಡಮೆಯಿರಕೂಡದೆನ್ನುತ್ತದೆ, ನಮ್ಮದು 120. ಜಪಾನಿನಲ್ಲಿ ಕೋಣೆಗಳನ್ನು ಚಾಪೆಗಳ ಲೆಕ್ಕದಲ್ಲಿ ಅಳೆಯುವ ವಾಡಿಕೆ. ಆರು ಚಾಪೆಯ ಕೋಣೆಯೆಂದರೆ ಸುಮಾರು 100 ಚದರ ಅಡಿ. ಆ ದೇಶದ ಹಳೆಯ ಕ್ರಮದ ಮನೆಯಲ್ಲಿ ಇಷ್ಟರೊಳಗೆ ಹಗಲು ಮಾತುಕತೆ, ಊಟ ನಡೆದು, ರಾತ್ರಿ ಹಾಸಿಗೆ ಬಿಚ್ಚಿ ಮಲಗಿ, ಬೆಳಗ್ಗೆ ಅದನ್ನು ಮಡಿಸಿ ಗೋಡೆಯೊಳಗಣ ಗೂಡಿನಲ್ಲಿಟ್ಟರೆ ಕೋಣೆ ಮತ್ತೆ ಬರಿದು. ನಮ್ಮ ಹಿರಿಯರು ಮಾಡಿದುದೂ ಇದನ್ನೇ. ಚಾಪೆಯನ್ನು ಸುತ್ತಿ ಮೂಲೆಗೆ ನಿಲ್ಲಿಸಿದರು, ಮಣೆಯನ್ನು ಗೋಡೆಗೆ ಒರಗಿಸಿದರು, ದೀಪಕ್ಕೂ ಪುಸ್ತಕಕ್ಕೂ ಗೋಡೆಯಲ್ಲಿಯೇ ಗೂಡು ಬಿಟ್ಟರು. ಕೆಲಸ ಮುಗಿದೊಡನೆ ವಸ್ತುಗಳು ನೆಲವನ್ನು ಬಿಟ್ಟುಕೊಡುತ್ತಿದ್ದುವು. ಈಗಿನ ವಸ್ತುಗಳು ಬಂದಲ್ಲಿಯೇ ಬೇರು ಬಿಡುತ್ತವೆ. ಇಕ್ಕಟ್ಟಿಗೆ ಮುಖ್ಯ ಕಾರಣ ಅದು.

ಲೆಕ್ಕ ಹಾಕಿ ನೋಡೋಣ. ಮೂವರು ಕೂಡುವ ಸೋಫಾ 7 ಅಡಿಗೆ 3 ಅಡಿ, ಎಂದರೆ 21 ಚದರ ಅಡಿ. ಜೊತೆಯ ಒಂಟಿ ಆಸನಗಳೆರಡು, ಒಂದೊಂದು 9ರಂತೆ 18. ನಡುವಣ ಟೀಪಾಯಿ 7. ದೂರದರ್ಶನದ ಪೆಟ್ಟಿಗೆಯ ಮೇಜು 6. ಒಟ್ಟು 52. ಬೀದಿಬಾಗಿಲಿನಿಂದ ಒಳಬಾಗಿಲಿಗೆ ಮೂರಡಿ ಅಗಲದ ಹಾದಿಗೆ ಇನ್ನೊಂದು 36. ಉಳಿದದ್ದು 32, ಅದೂ ಅಲ್ಲಿಷ್ಟು ಇಲ್ಲಿಷ್ಟು ಚೂರಾಗಿ, ಒಂದು ಚಾಪೆಯನ್ನೂ ನೆಟ್ಟಗೆ ಹಾಸುವಂತಿಲ್ಲ. ಇಷ್ಟಾದರೂ ಕುಳಿತವರು ಐದೇ ಜನ.

ಹಾಗೆಂದು ಎಲ್ಲರೂ ಮತ್ತೆ ನೆಲದ ಮೇಲೆ ಕುಳಿತುಕೊಳ್ಳಲೆಂದು ನಾವು ಹೇಳುವುದಿಲ್ಲ. ಅರುವತ್ತು ದಾಟಿದ ಮೊಣಕಾಲಿಗೆ ನೆಲದಿಂದ ಏಳುವುದೆಷ್ಟು ಪ್ರಯಾಸವೆಂಬುದು ಪ್ರತಿ ಮನೆಯಲ್ಲಿಯೂ ತಿಳಿದಿದೆ. ಗೋಡೆಯುದ್ದಕ್ಕೆ ಒಂದು ದಿವಾನ್ ಹಾಕಿಸಿದರೆ ಸಾಕು: 6 ಅಡಿ ಉದ್ದ, ಎರಡೂವರೆ ಅಡಿ ಅಗಲ, ಹಾಸು ಸೇರಿ 17 ಅಂಗುಲದ ಎತ್ತರ, ಬೆನ್ನಿಗೆ ಒರಗುದಿಂಬು. ಅದರ ಕೆಳಗಣ ಪೆಟ್ಟಿಗೆಯಲ್ಲಿ ಕಂಬಳಿ ಜಮಖಾನಗಳು ಅಡಗುತ್ತವೆ. ರಾತ್ರಿ ಒಬ್ಬರಿಗೆ ಅದೇ ಮಂಚ. ಕೈಯಿರುವ ಕುರ್ಚಿ ಒಂದು, ಒಂದು ಕೈಯಿಂದ ಎತ್ತಬಹುದಾದ ಹಗುರವಾದ ಕುರ್ಚಿಗಳೆರಡು. ಇವೆಲ್ಲವೂ ಸೇರಿ 26 ಚದರ ಅಡಿಗೆ ಮೀರುವುದಿಲ್ಲ, ಕುಳಿತವರು ಆರು ಮಂದಿ. ಕಾಫಿಯ ಲೋಟ ಇಡುವುದಕ್ಕೆ ಟೀಪಾಯಿಗೆ ಬದಲು ಒಂದರೊಳಗೊಂದು ಸೇರುವ ಸಣ್ಣ ಸ್ಟೂಲುಗಳು ಸಾಕು.

ಯಾವುದನ್ನೂ ಕೊಳ್ಳುವುದಕ್ಕೆ ಮೊದಲು ಅದರ ಅಳತೆಯನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ಎರಡು ದಿನ ಮನೆಯವರೆಲ್ಲ ಅದನ್ನು ತುಳಿಯದೆ ಓಡಾಡಿ ನೋಡಬೇಕು. ಅಂಗಡಿಯ ವಿಶಾಲವಾದ ಅಂಗಳದಲ್ಲಿ ಎಲ್ಲ ಸೋಫಾವೂ ಚಿಕ್ಕದೇ. ಮನೆಯನ್ನು ಇನ್ನೂ ಕಟ್ಟಿಸುತ್ತಿರುವವರು ಬಾಗಿಲುಗಳ ವಿಷಯದಲ್ಲಿ ಹೆಚ್ಚು ಎಚ್ಚರ ವಹಿಸಬೇಕು. ಎರಡು ಬಾಗಿಲುಗಳೂ ಒಂದೇ ಪಕ್ಕದಲ್ಲಿ ನೇರವಾಗಿದ್ದರೆ ದಾರಿ ಗೋಡೆಯ ಮಗ್ಗುಲಲ್ಲಿ ಸಾಗಿ ಉಳಿದ ಕೋಣೆ ಇಡಿಯಾಗಿ ಸಿಗುತ್ತದೆ. ಎದುರುಬದುರು ಮೂಲೆಗಳಲ್ಲಿದ್ದರೆ ದಾರಿಯು ಓರೆಯಾಗಿ ಹದಿನೈದು ಅಡಿಗೂ ಮಿಕ್ಕಿ ಹರಿದು, ಕೋಣೆಯನ್ನು ಎರಡು ಮುಕ್ಕಾಗಿ ಸೀಳುತ್ತದೆ. ಈ ದೋಷವನ್ನು ಆಮೇಲೆ ಯಾವ ಬಡಗಿಯೂ ತಿದ್ದಲಾರನು.

ಗೋಡೆಗಳನ್ನು ನಾವು ಸಾಕಷ್ಟು ಉಪಯೋಗಿಸುವುದಿಲ್ಲ. ಪುಸ್ತಕಕ್ಕೆ ಹತ್ತು ಅಂಗುಲ ಆಳದ ಹಲಗೆ ಸಾಕು. ಅದನ್ನು ಬಾಗಿಲಿನ ನೆತ್ತಿಯ ಮೇಲೂ ಹಾಯಿಸಬಹುದು. ದೂರದರ್ಶನದ ಪೆಟ್ಟಿಗೆ ಆಳವಾಗಿದ್ದಾಗ ಅದಕ್ಕೆ ಆಳವಾದ ಬೀರು ಬೇಕಾಗಿದ್ದುದು ನ್ಯಾಯವೇ. ಈಗ ಅದು ತೆಳ್ಳಗಾಗಿ ಗೋಡೆಯನ್ನೇರಿದೆ. ಬೀರು ಮಾತ್ರ ಹಾಗೆಯೇ ಕುಳಿತು, ಯಾರೂ ಮುಟ್ಟದ ಬೊಂಬೆಗಳನ್ನೂ ಬಹುಮಾನದ ಬಟ್ಟಲುಗಳನ್ನೂ ಕಾಯುತ್ತಿದೆ. ಎತ್ತರವಾದ ಕಪಾಟು ಇರಲೇಬೇಕಾದರೆ ಭಾರದ ವಸ್ತುಗಳನ್ನು ಕೆಳಗಿಟ್ಟು, ಅದರ ನೆತ್ತಿಯನ್ನು ಗೋಡೆಗೆ ಮೊಳೆಯಿಂದ ಬಿಗಿಸಬೇಕು. ಮಕ್ಕಳು ಹತ್ತಿದಾಗ ಅದು ಮುಂದಕ್ಕೆ ಉರುಳುವ ಅಪಾಯ ನಿಜವಾದದ್ದು.

ಕಿಟಕಿಯ ಮುಂದೆ ಅದರ ಕೆಳಗಟ್ಟೆಗಿಂತ ಎತ್ತರವಾದ ಯಾವುದೂ ನಿಲ್ಲಬಾರದು. 1898ರ ಪ್ಲೇಗಿನ ತರುವಾಯ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳನ್ನು ಹೊಸದಾಗಿ ಬೆಳೆಸಿದುದು ಜನರಿಗೆ ಗಾಳಿ ಬೆಳಕು ದೊರೆಯಲೆಂದು. ದೊರೆತ ಬೆಳಕನ್ನು ಬೀರುವಿನ ಬೆನ್ನಿನಿಂದ ಮುಚ್ಚುವುದೇಕೆ? ಹುಡುಗಿಯ ಓದಿಗೆ, ಗೋಡೆಗೆ ಕೀಲಿನಿಂದ ಕೂಡಿಸಿ ಬೇಕಾದಾಗ ಇಳಿಸುವ ಎರಡಡಿಯ ಹಲಗೆಯನ್ನು ಕಿಟಕಿಯ ಪಕ್ಕದಲ್ಲಿಯೇ ಹಾಕಿಸಬೇಕು. ಬಲಗೈಯಲ್ಲಿ ಬರೆಯುವವರಿಗೆ ಬೆಳಕು ಎಡದಿಂದ ಬಂದರೆ ಕೈಯ ನೆರಳು ಅಕ್ಷರದ ಮೇಲೆ ಬೀಳದು. ದೂರದರ್ಶನವೂ ಪಾಠವೂ ಒಂದೇ ಕೋಣೆಯಲ್ಲಿ ಒಂದೇ ಹೊತ್ತಿನಲ್ಲಿ ಸಾಗವು; ಅದಕ್ಕೆ ಮನೆಯ ಹಿರಿಯರು ಹೊತ್ತನ್ನು ಗೊತ್ತುಮಾಡಬೇಕೇ ಹೊರತು ಬಡಗಿಯ ಬಳಿ ಉಪಾಯವಿಲ್ಲ.

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳವರಿಗೆ ನಾವು ಹೇಳಬೇಕಾದದ್ದೇನೂ ಇಲ್ಲ. ಹಂತಗಳನ್ನು ಕಟ್ಟುವುದಕ್ಕಾಗಿ ಅವರು ಪ್ರತಿವರ್ಷವೂ ಮೇಜು ಕುರ್ಚಿಗಳನ್ನು ಹೊರಗೆ ಸಾಗಿಸಿ ಜಮಖಾನ ಹಾಸುತ್ತಾರೆ; ಅದೇ ಕೋಣೆಯಲ್ಲಿ ಹತ್ತು ಹದಿನೈದು ಹೆಂಗಸರು ಮಕ್ಕಳು ಕುಳಿತು ಹಾಡಿ ಹೋಗುತ್ತಾರೆ. ವಿಜಯದಶಮಿ ಕಳೆದು ವಸ್ತುಗಳು ಹಿಂದಿರುಗುವಾಗ, ಯಾವುದರ ಕೊರತೆ ಅಷ್ಟು ದಿನವೂ ತೋರಲಿಲ್ಲವೋ ಅದನ್ನು ಒಳಕ್ಕೆ ತರದೆ ಬಿಡಬಹುದು.

ಕೈಯಿರುವ ಕುರ್ಚಿ ಅಜ್ಜನದು. ಕೈಗಳನ್ನು ಒತ್ತಿ ಏಳುವುದಕ್ಕೆ ಅನುಕೂಲವಾಗಿ ಅದು ಗಟ್ಟಿಯಾಗಿರಬೇಕು, ಆಸನ ಕುಸಿಯಬಾರದು. ಅದನ್ನು ದಾರಿಯಿಂದ ಸರಿಸಿ, ಆದರೆ ಬೀದಿಬಾಗಿಲು ಕಣ್ಣಿಗೆ ಬೀಳುವಂತೆ ಇಡಬೇಕು. ಬಂದವರನ್ನು ಮೊದಲು ಮಾತನಾಡಿಸುವ ಹಕ್ಕು ಅವರದು. ಕಾಲು ಎಡವುವ ಸಣ್ಣ ರತ್ನಗಂಬಳಿಗಳು ಅಲ್ಲಿ ಬೇಡ. ಕೈಗೆಟಕುವ ಎತ್ತರದಲ್ಲಿ ಕನ್ನಡಕಕ್ಕೂ ಪತ್ರಿಕೆಗೂ ಒಂದು ಗೇಣುದ್ದದ ಹಲಗೆ, ಅದರ ಪಕ್ಕದಲ್ಲಿ ಊರುಗೋಲನ್ನು ತೂಗುಹಾಕಲು ಒಂದು ಗೂಟ.